ಉಳಿದರ್ಧ

ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ಕರೆಂಟು ಹೋದದ್ದು ಮೊದಲು ಕಿವಿಗೆ ಗೊತ್ತಾಗುತ್ತಿತ್ತು, ಆಮೇಲೆ ಕಣ್ಣಿಗೆ. ಮನೆಗೆರಡು, ಮನೆಗೆ ನಾಲ್ಕು ಎಂದು ಪವರ್‌ಲೂಮ್ ಬಡಿಯುತ್ತಿದ್ದ ಬೀದಿ. ಲಾಳಿಯ ಏಟು ಗೋಡೆಯಲ್ಲಿ, ಮಂಚದ ಕಾಲಲ್ಲಿ, ಕೊನೆಗೆ ಚೊಂಬಿನ ನೀರಲ್ಲೂ ನಡುಗುತ್ತಿತ್ತು. ಆ ಸದ್ದಿನಲ್ಲೇ ಮಲಗಿ ಅಭ್ಯಾಸವಾದ ಕೂಸುಗಳು ಸದ್ದು ನಿಂತರೆ ಎದ್ದು ಅಳುತ್ತಿದ್ದವು. ಎಂಬತ್ತರ ದಶಕದ ಲೋಡ್‌ಶೆಡ್ಡಿಂಗ್ ಕಾಲ. ದಿನಕ್ಕೆ ಎಷ್ಟು ಸಲ ಹೋಗುತ್ತೆ, ಎಷ್ಟು ಹೊತ್ತಿಗೆ ಬರುತ್ತೆ ಎನ್ನುವುದು ಯಾರ ಕೈಯಲ್ಲೂ ಇರಲಿಲ್ಲ.

ಸದ್ದು ನಿಂತ ಕೂಡಲೇ ಅಮ್ಮ ಗೂಡಿನಿಂದ ಜಪಸರ ತೆಗೆಯುತ್ತಿದ್ದಳು. ಕೂಲಿ ಮಗ್ಗದ ಮನೆಯಲ್ಲಿ ದೇವರಿಗೆಂದು ಬೇರೆ ಹೊತ್ತು ಎಲ್ಲಿತ್ತು? ಮಗ್ಗ ಓಡುವಾಗ ಮಾತೇ ಕೇಳಿಸುತ್ತಿರಲಿಲ್ಲ, ಇನ್ನು ಮಂತ್ರ ಕೇಳಿಸುವುದುಂಟೆ. ಅಪ್ಪ ಮಗ್ಗದ ಗುಂಡಿಯಂಚಿನಲ್ಲೇ ಬೆವರು ಒರೆಸಿಕೊಂಡು ಕೂರುತ್ತಿದ್ದ. ನಾನು, ತಂಗಿ ಚಾಪೆಯ ಮೇಲೆ. ಸೀಮೆಎಣ್ಣೆ ಬುಡ್ಡಿಯ ಬೆಳಕಲ್ಲಿ ಅಮ್ಮನ ದನಿ ಶುರುವಾಗುತ್ತಿತ್ತು.

ಜಪಸರ ಗೊತ್ತಿಲ್ಲದವರಿಗೆ ಇಲ್ಲೊಂದು ಮಾತು ಹೇಳಬೇಕು. ಅದರಲ್ಲಿ ಯೇಸುವಿನ ತಾಯಿ ಮರಿಯಮ್ಮನ ಮಂತ್ರಕ್ಕೆಂದೇ 53 ಮಣಿಗಳಿವೆ. ಆ ಮಂತ್ರಕ್ಕೆ ಎರಡು ಭಾಗ. ಮೊದಲನೆಯದು ನಮಸ್ಕಾರ, ದೇವದೂತನೂ ಎಲಿಸಬೇತಳೂ ಮರಿಯಳಿಗೆ ಹೇಳಿದ ಮಾತು, ಲೂಕನ ಸುವಾರ್ತೆಯಿಂದ ಬಂದದ್ದು. ಎರಡನೆಯದು ಬೇಡಿಕೆ, ಅದು ಜನರ ಬಾಯಲ್ಲಿ ಬೆಳೆದು ಬಂದು, 1568ರಲ್ಲಿ ರೋಮಿನ ಪ್ರಾರ್ಥನಾ ಪುಸ್ತಕದಲ್ಲಿ ಸೇರಿತು. ಮನೆಯಲ್ಲಿ ಒಬ್ಬರು ಮೊದಲರ್ಧ ಹೇಳುತ್ತಾರೆ, ಉಳಿದವರೆಲ್ಲ ಸೇರಿ ಉಳಿದರ್ಧ ಹೇಳುತ್ತಾರೆ. ಯಾರೂ ಪೂರ್ತಿ ಹೇಳುವುದಿಲ್ಲ. ನನಗೆ ಇಪ್ಪತ್ತು ತುಂಬುವವರೆಗೆ ನಾನು ಆ ಮಂತ್ರದ ಮೊದಲರ್ಧವನ್ನು ಬಾಯಿಬಿಟ್ಟು ಹೇಳಿದ್ದೇ ನೆನಪಿಲ್ಲ. ನನ್ನ ಪಾಲಿಗೆ ಪ್ರಾರ್ಥನೆ ಎಂದರೆ ಅಮ್ಮ ಎತ್ತಿಕೊಟ್ಟದ್ದನ್ನು ಇಳಿಸಿಕೊಳ್ಳುವುದು.

ಕರೆಂಟು ಬಂದರೆ ಎಷ್ಟನೇ ಮಣಿಯಲ್ಲಿದ್ದರೂ ಆಮೆನ್. ಅಪ್ಪ ಎದ್ದು ಮಗ್ಗಕ್ಕೆ ಹೋಗಿಬಿಡುತ್ತಿದ್ದ. ಅಮ್ಮ ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ. ಸೆರಗಿಗೆ ಅಂಟಿದ್ದ ಒಂದು ರೇಷ್ಮೆ ಎಳೆ ಕಿತ್ತು ಆ ಮಣಿಗೆ ಸುತ್ತಿಡುತ್ತಿದ್ದಳು. ಮತ್ತೆ ಕರೆಂಟು ಹೋದಾಗ ಮೊದಲ ಪ್ರಶ್ನೆ: "ಎಲ್ಲಿ ನಿಲ್ಲಿಸಿದ್ವಿ?" ಒಂದು ಜಪಸರ ಮುಗಿಯಲು ನಮ್ಮ ಮನೆಯಲ್ಲಿ ಮೂರು ದಿನ ಹಿಡಿದದ್ದೂ ಉಂಟು.

ಎದುರುಮನೆಯ ದೊಡ್ಡಮ್ಮ ಆ ಹೊತ್ತಿಗೆ ಹೊಸ್ತಿಲ ಮೇಲೆ ಬಂದು ಕೂರುತ್ತಿದ್ದರು. ನಮ್ಮ ನೆಂಟರಲ್ಲ, ದೇವಾಂಗದವರು. ವರ್ಷಾ ವರ್ಷಾ ಘಾಟಿ ಸುಬ್ರಹ್ಮಣ್ಯದ ಜಾತ್ರೆಗೆ ತಪ್ಪದೆ ಹೋಗುವವರು. ಕೈಯಲ್ಲಿ ಕಂಡಿಕೆ ಬುಟ್ಟಿ ಇಟ್ಟುಕೊಂಡು ಕತ್ತಲಲ್ಲೇ ಅಮ್ಮನ ದನಿ ಕೇಳುತ್ತಿದ್ದರು. "ನಿಮ್ಮಮ್ಮನ ಪದ ಒಂದೇ ರಾಗ ಕಣೋ. ಕೇಳ್ತಾ ಕೇಳ್ತಾ ಸೊಂಟನೋವು ಮರ್ತೋಗುತ್ತೆ" ಎನ್ನುತ್ತಿದ್ದರು.

ಅಮ್ಮನ ಕಸುಬು ಅಚ್ಚು ಕೆಚ್ಚುವುದು. ಮಗ್ಗದಲ್ಲಿ ಹಳೆಯ ಹಾಸು ಮುಗಿಯುವ ಹೊತ್ತಿಗೆ ಹೊಸ ಹಾಸಿನ ಒಂದೊಂದು ಎಳೆಯನ್ನೂ ಹಳೆಯ ಎಳೆಯ ತುದಿಗೆ ಬೆರಳಲ್ಲೇ ಹೊಸೆದು ಕೂಡಿಸಬೇಕು. ಸಾವಿರಾರು ಎಳೆ. ಜಾರದಿರಲಿ ಎಂದು ಬೆರಳಿಗೆ ಬೂದಿ ಹಚ್ಚಿಕೊಳ್ಳುತ್ತಿದ್ದಳು. ತಪಸ್ಸುಕಾಲ ಶುರುವಾಗುವ ಬೂದಿ ಬುಧವಾರದಂದು ಚರ್ಚಿನಲ್ಲಿ ಹಣೆಗೆ ಬೂದಿ ಇಡುತ್ತಾರೆ. ಹಿಂದಿನ ವರ್ಷದ ಗರಿಗಳ ಭಾನುವಾರ ಮನೆಗೆ ತಂದಿದ್ದ ಗರಿಗಳನ್ನು ವಾಪಸ್ ತೆಗೆದುಕೊಂಡು ಸುಟ್ಟು ಮಾಡಿದ ಬೂದಿ ಅದು. ಎಲ್ಲರ ಮನೆಯ ಗರಿಯೂ ಒಂದೇ ತಟ್ಟೆಯಲ್ಲಿ ಬೂದಿ. ನಮ್ಮ ಹಣೆಗೆ ಬಂದದ್ದು ನಮ್ಮ ಮನೆಯದೋ ಹಿಂದಿನ ಬೀದಿಯವರದೋ ಯಾರಿಗೆ ಗೊತ್ತು. ಅಮ್ಮ ನಗುತ್ತಿದ್ದಳು: "ನಂಗೆ ದಿನಾ ಬೂದಿ ಬುಧವಾರಾನೇ."

*

ಅಮ್ಮನ ತವರು ಹೆಸರಘಟ್ಟದ ಕಡೆಯ ಸಿಲುವೆಪುರ. ಸಿಲುವೆ ಎಂದರೆ ಶಿಲುಬೆ. 1876ರಿಂದ 78ರವರೆಗೆ ಮೈಸೂರು ಸೀಮೆಯನ್ನು ಬೋಳಿಸಿಹಾಕಿದ ಧಾತು ಈಶ್ವರ ಬರಗಾಲದಲ್ಲಿ ಹೆತ್ತವರನ್ನು ಕಳೆದುಕೊಂಡ ಮಕ್ಕಳಿಗೆಂದು ಫ್ರೆಂಚ್ ಮಿಷನರಿಗಳು ನೆಲೆಗೊಳಿಸಿದ ಊರು. ಅಮ್ಮನ ಮುತ್ತಜ್ಜ ಅಂಥ ಮಕ್ಕಳಲ್ಲೊಬ್ಬ. ಅವನಿಗೆ ತನ್ನ ಊರು, ಜಾತಿ, ಮನೆದೇವರು ಯಾವುದೂ ನೆನಪಿರಲಿಲ್ಲವಂತೆ. ನೆನಪಿದ್ದದ್ದು ಗಂಜಿಯ ಸಾಲಿನಲ್ಲಿ ತನ್ನ ಮುಂದೆ ನಿಂತಿದ್ದ ಹುಡುಗನ ಬೆನ್ನು ಮಾತ್ರ. ಆ ಹುಡುಗನನ್ನೇ ಸಾಯುವವರೆಗೆ ಅಣ್ಣ ಎಂದು ಕರೆದನಂತೆ. ಅವರಿಬ್ಬರ ಮನೆಗಳಲ್ಲಿ ಇವತ್ತಿಗೂ ಹೆಣ್ಣು ಕೊಟ್ಟು ತರುವುದಿಲ್ಲ. ರಕ್ತ ಬೇರೆ ಎಂದು ಎಲ್ಲರಿಗೂ ಗೊತ್ತು. ಆದರೂ ಅಣ್ಣತಮ್ಮಂದಿರ ಮನೆ.

ಈ ಕತೆಯನ್ನು ಅಮ್ಮ ಎಷ್ಟು ಸಲ ಹೇಳಿದ್ದಳೋ. ನನಗದು ಆಗ ಬರೀ ಕತೆ. ನಮ್ಮ ವಂಶದ ನಂಬಿಕೆ ಯಾರೋ ಒಬ್ಬ ಪುಣ್ಯಾತ್ಮನ ಧ್ಯಾನದಲ್ಲಿ ಹುಟ್ಟಲಿಲ್ಲ, ಒಂದು ಗಂಜಿ ಸಾಲಿನಲ್ಲಿ ಹುಟ್ಟಿತು ಎಂದು ಹೊಳೆಯಲು ಬಹಳ ವರ್ಷ ಬೇಕಾಯಿತು.

ಅಜ್ಜಿಯ ಕಾಲಕ್ಕೆ ಪೂಜೆ ಲ್ಯಾಟಿನ್‌ನಲ್ಲಿ. ಸ್ವಾಮಿಗಳು ಪೀಠದ ಕಡೆ ಮುಖ ಮಾಡಿ ತಮ್ಮಷ್ಟಕ್ಕೆ ಹೇಳಿಕೊಳ್ಳುವರು, ಹಿಂದೆ ಜನ ತಮ್ಮಷ್ಟಕ್ಕೆ ಜಪಸರ ಎಣಿಸುವರು. ಎರಡನೇ ವ್ಯಾಟಿಕನ್ ಮಹಾಸಭೆ 1963ರ ಡಿಸೆಂಬರ್ 4ರಂದು ಆರಾಧನೆಯ ಕುರಿತ ತೀರ್ಮಾನ ಹೊರಡಿಸಿ ಆಯಾ ನಾಡಿನ ಭಾಷೆಗೆ ಬಾಗಿಲು ತೆರೆದ ಮೇಲೆ ಪೂಜೆ ಕನ್ನಡಕ್ಕೆ ಬಂತು, ಸ್ವಾಮಿಗಳು ಜನರ ಕಡೆ ತಿರುಗಿದರು. ಮೊದಲ ಸಲ ಕನ್ನಡ ಪೂಜೆ ಕೇಳಿ ಬಂದ ಅಜ್ಜಿ, "ಇಷ್ಟು ದಿನ ಸ್ವಾಮಿಯೋರು ನಮ್ಮ ಪರವಾಗಿ ಮಾತಾಡ್ತಿದ್ರು. ಈಗ ನಮ್ಮ ಹತ್ರ ಮಾತಾಡ್ತಾರೆ. ಉತ್ತರ ಕೊಡ್ಬೇಕಲ್ಲ, ಭಯ ಆಗುತ್ತೆ" ಎಂದಳಂತೆ.

ಅಜ್ಜಿಗಾದ ಆ ಭಯವೇ ಮುಂದೆ ನನ್ನನ್ನೂ ಹಿಡಿಯಿತು, ಬೇರೆ ವೇಷದಲ್ಲಿ.

*

ಬೆಂಗಳೂರಿಗೆ ಹೋಗಿ ಹಾಸ್ಟೆಲ್ ಸೇರಿದೆ, ಆಮೇಲೆ ಪೀಣ್ಯದಲ್ಲಿ ಲೆಕ್ಕ ಬರೆಯುವ ಕೆಲಸ. ಒಂದು ಕೋಣೆ, ಒಂದು ಕಿಟಕಿ, ಒಂದು ಬೈಬಲ್. ಮೊದಲ ಸಲ ಬೈಬಲ್ಲನ್ನು ಮೊದಲಿಂದ ಕೊನೆವರೆಗೆ ಓದಿದೆ. ಮೌನದಲ್ಲಿ ಕೂತೆ. ಒಪ್ಪಿಕೊಳ್ಳುತ್ತೇನೆ, ಅದು ಚೆನ್ನಾಗಿತ್ತು. ಬೀದಿ ಜನ, ಮಗ್ಗದ ಸದ್ದು, ಅಮ್ಮನ ಒಂದೇ ರಾಗ ಯಾವುದೂ ಇಲ್ಲದ ಕಡೆ ದೇವರು ನನ್ನೊಬ್ಬನಿಗೇ ಸಿಕ್ಕ ಹಾಗಿತ್ತು. ಭಾನುವಾರದ ಪೂಜೆ ಸಂತೆಯಂತೆ ಕಾಣತೊಡಗಿತು. ಹಿಂದಿನ ಬೆಂಚಲ್ಲಿ ಕೂತು ಪಿಸುಗುಟ್ಟುವವರು, ಮಗುವಿಗೆ ಬಿಸ್ಕತ್ತು ತಿನ್ನಿಸುವವರು, ಅಪಸ್ವರದ ಹಾಡುಗಾರರು. ಇವರ ನಡುವೆ ಪ್ರಾರ್ಥನೆ ಆಗುವುದು ಹೇಗೆ? ಒಂದೊಂದೇ ಭಾನುವಾರ ತಪ್ಪಿಸಿದೆ. ಮತ್ತಾಯನ ಆರನೇ ಅಧ್ಯಾಯದಲ್ಲಿ ಕೋಣೆಗೆ ಹೋಗಿ ಬಾಗಿಲು ಮುಚ್ಚಿಕೊಂಡು ಪ್ರಾರ್ಥಿಸಿ ಎಂದು ಯೇಸುವೇ ಹೇಳಿಲ್ಲವೆ ಎಂದು ಅಮ್ಮನ ಮುಂದೆ ವಾದವನ್ನೂ ಮಾಡಿದೆ.

ಅಮ್ಮ ಓದಿದವಳಲ್ಲ. ವಾದಕ್ಕೆ ಬರಲಿಲ್ಲ. "ಸರಿ, ಒಬ್ಬನೇ ಮಾಡು. ಉಳಿದರ್ಧ ಯಾರು ಹೇಳ್ತಾರೆ?" ಎಂದು ಕೇಳಿ ಒಲೆಯ ಕಡೆ ತಿರುಗಿದಳು.

ನಾನು ಕೊಂಡಾಡುತ್ತಿದ್ದ ಅಧ್ಯಾಯದಲ್ಲೇ ಮೂರು ವಚನ ಕೆಳಗೆ ಯೇಸು ಶಿಷ್ಯರಿಗೆ ಕಲಿಸಿದ ಪ್ರಾರ್ಥನೆ ಇದೆ. ಬಾಗಿಲು ಮುಚ್ಚಿಕೊಂಡ ಕೋಣೆಯಲ್ಲಿ ಹೇಳುವುದಾದರೂ ಅದರಲ್ಲಿ 'ನಾನು', 'ನನ್ನ' ಎಂಬ ಪದ ಒಂದೂ ಇಲ್ಲ. ಅನ್ನ ಕೇಳುವುದೂ ಬಹುವಚನದಲ್ಲೇ, ಕ್ಷಮೆ ಕೇಳುವುದೂ ಬಹುವಚನದಲ್ಲೇ. ಅಷ್ಟು ಓದಿದವನಿಗೆ ಅದೊಂದು ಕಂಡಿರಲಿಲ್ಲ.

*

1998ರ ತಪಸ್ಸುಕಾಲದಲ್ಲಿ ಅಪ್ಪ ಹೋದ. ಮಗ್ಗದ ಮುಂದೆ ಕೂತವನು ಎದೆ ಹಿಡಿದುಕೊಂಡ, ಆಟೋ ಬರುವಷ್ಟರಲ್ಲಿ ಮುಗಿದಿತ್ತು. ನಾನು ಸಂಜೆ ಬಸ್ಸಿನಲ್ಲಿ ಊರಿಗೆ ಬಂದೆ. ಬೀದಿ ತಿರುವಿನಲ್ಲಿ ಇಳಿದಾಗ ಏನೋ ಕಾಣೆಯಾದ ಹಾಗೆ ಅನ್ನಿಸಿತು. ಸದ್ದಿರಲಿಲ್ಲ. ಕರೆಂಟು ಹೋಗಿದೆ ಅಂದುಕೊಂಡೆ. ಆದರೆ ಬೀದಿ ದೀಪ ಉರಿಯುತ್ತಿತ್ತು, ಮನೆಮನೆಯಲ್ಲೂ ಬಲ್ಬು ಉರಿಯುತ್ತಿತ್ತು. ಕರೆಂಟಿದ್ದೂ ಇಡೀ ಬೀದಿ ಮಗ್ಗ ನಿಲ್ಲಿಸಿತ್ತು. ಸೀರೆಗಿಷ್ಟು ಎಂದು ಕೂಲಿ ಎಣಿಸುವ ಮನೆಗಳಲ್ಲಿ ಒಂದು ದಿನ ಮಗ್ಗ ನಿಲ್ಲಿಸುವುದು ಎಂದರೆ ಏನು ಎನ್ನುವುದು ಲೆಕ್ಕ ಬರೆಯುವ ನನಗೆ ಗೊತ್ತಿತ್ತು.

ಚರ್ಚಿನವರು ಇನ್ನೂ ಬಂದಿರಲಿಲ್ಲ. ಅಪ್ಪನ ತಲೆಯ ಹತ್ತಿರ ಮೇಣದಬತ್ತಿ ಹಚ್ಚಿ ಅಮ್ಮ ಜಪಸರ ತೆಗೆದಳು. ತಂಗಿ ಅತ್ತು ಅತ್ತು ಮಲಗಿಬಿಟ್ಟಿದ್ದಳು. ಅಮ್ಮ ಮೊದಲರ್ಧ ಹೇಳಿ ನಿಲ್ಲಿಸಿದಳು.

ನಾನು ಹೇಳಬೇಕಿತ್ತು. ಬಾಯಿ ಬರಲಿಲ್ಲ. ಪದ ಮರೆತಿರಲಿಲ್ಲ; ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಕೋಣೆಯಲ್ಲಿ ಇಷ್ಟು ವರ್ಷ ಬೆಳೆಸಿಕೊಂಡಿದ್ದ ನನ್ನ ದೇವರು ಆ ಹೊತ್ತಿಗೆ ಎಲ್ಲೂ ಇರಲಿಲ್ಲ. ಇಲ್ಲದವನ ಜೊತೆ ಏನೆಂದು ಮಾತಾಡುವುದು? ಅಮ್ಮ ಕಾದಳು. ಎರಡನೇ ಸಲ ಮೊದಲರ್ಧ ಹೇಳಿದಳು. ಮತ್ತೆ ಕಾದಳು.

ಆಗ ಬಾಗಿಲ ಹತ್ತಿರದಿಂದ ಉಳಿದರ್ಧ ಕೇಳಿಸಿತು.

ಎದುರುಮನೆ ದೊಡ್ಡಮ್ಮ. ಹೊಸ್ತಿಲ ಮೇಲೆ ಕೂತು, ತಲೆಯ ಮೇಲೆ ಸೆರಗು ಎಳೆದುಕೊಂಡು, ಒಂದು ಪದ ತಪ್ಪಾಗಿ, ರಾಗ ಮಾತ್ರ ಸರಿಯಾಗಿ ಹೇಳುತ್ತಿದ್ದರು. ಹದಿನೈದು ಇಪ್ಪತ್ತು ವರ್ಷ ಕರೆಂಟು ಹೋದಾಗಲೆಲ್ಲ ಕೇಳಿ ಕೇಳಿ ಬಾಯಿಗೆ ಬಂದದ್ದು. ಮೂರನೇ ಮಣಿಗೆ ಅವರ ಸೊಸೆಯೂ ದನಿಗೂಡಿಸಿದಳು. ಅಮ್ಮ ತಪ್ಪು ತಿದ್ದಲಿಲ್ಲ. ಎರಡನೇ ಹತ್ತು ಮಣಿ ಮುಗಿಯುವಷ್ಟರಲ್ಲಿ ಚರ್ಚಿನ ನಾಲ್ಕು ಮನೆಯವರು ಬಂದು ಕೂತಿದ್ದರು. ಯಾವ ಮಣಿಯಲ್ಲಿ ನನ್ನ ಬಾಯಿಯೂ ತೆರೆದುಕೊಂಡಿತೋ ನೆನಪಿಲ್ಲ. ನಂಬಿಕೆ ಬಂದು ಹೇಳಿದ್ದಲ್ಲ. ಎಲ್ಲರೂ ಹೇಳುತ್ತಿದ್ದಾಗ ಸುಮ್ಮನಿರಲು ಆಗಲಿಲ್ಲ, ಅಷ್ಟೆ.

ಎಷ್ಟೋ ದಿನಗಳ ಮೇಲೆ ದೊಡ್ಡಮ್ಮನನ್ನು ಕೇಳಿದೆ. "ನಾನೇನು ನಿಮ್ಮ ದೇವ್ರಿಗೆ ನಡ್ಕೊಳ್ಳಲ್ಲ ಕಣಪ್ಪ, ನಮ್ಮ ಸುಬ್ಬಪ್ಪ ನಮಗೆ. ಆದ್ರೆ ನಿಮ್ಮಮ್ಮ ಅರ್ಧ ಹೇಳಿ ಕಾಯ್ತಾ ಇದ್ಲು. ಹಂಗೆ ಕಾಯ್ಸಬಾರ್ದು" ಎಂದರು.

ಅಪ್ಪ ಹೋದ ಮಾರನೆಯ ದಿನ ಪೆಟ್ಟಿಗೆಗೆ ಹೆಗಲು ಕೊಟ್ಟವರಲ್ಲಿ ಇಬ್ಬರು ನಮ್ಮ ಚರ್ಚಿನವರು, ಇಬ್ಬರು ಬೀದಿಯವರು. ಒಬ್ಬ ಹೆಗಲು ಕೊಟ್ಟದ್ದು ಇಷ್ಟಪಟ್ಟಲ್ಲ. ಅಪ್ಪನ ಜೊತೆ ಕೂಲಿ ವಿಷಯಕ್ಕೆ ಮಾತು ಬಿಟ್ಟಿದ್ದ. ಜನ ಸಾಲದೆ ಯಾರೋ ಕೈಹಿಡಿದು ಎಳೆದು ನಿಲ್ಲಿಸಿದರು. ಆ ವರ್ಷದ ಶುಭ ಶುಕ್ರವಾರ ಶಿಲುಬೆ ಹಾದಿಯ ಹದಿನಾಲ್ಕು ಸ್ಥಳಗಳಲ್ಲಿ ಐದನೆಯದರ ಮುಂದೆ ಮಂಡಿಯೂರಿದಾಗ ಅವನ ನೆನಪಾಯಿತು. ಸಿರೇನಿನ ಸಿಮೋನ ಯೇಸುವಿನ ಶಿಲುಬೆ ಹೊತ್ತದ್ದು ಭಕ್ತಿಯಿಂದಲ್ಲ. ಹೊಲದಿಂದ ಬರುತ್ತಿದ್ದವನನ್ನು ಸಿಪಾಯಿಗಳು ಹಿಡಿದು ಹೊರಿಸಿದರು. ಆದರೂ ಐದನೇ ಸ್ಥಳ ಅವನದೇ. ಜೊತೆಯಾಗಿ ನಡೆಯುವವರೆಲ್ಲ ಒಪ್ಪಿ ಬಂದವರೇ ಆಗಿರಬೇಕಿಲ್ಲ.

*

ಇಷ್ಟು ಹೇಳಿ ಸುಮ್ಮನಾದರೆ ಸುಳ್ಳು ಹೇಳಿದಂತೆ. ಒಟ್ಟಿಗೆ ನಡೆಯುವುದೆಂದರೆ ಒಬ್ಬರ ಕಾಲು ಇನ್ನೊಬ್ಬರು ತುಳಿಯುವುದೂ ಹೌದು. ಬೆಂಗಳೂರು ಸುತ್ತಿನ ಚರ್ಚುಗಳಲ್ಲಿ ಕನ್ನಡವೋ ತಮಿಳೋ ಎಂಬ ಜಗಳ ಎಷ್ಟು ವರ್ಷ ನಡೆಯಿತು ಎನ್ನುವುದು ಎಲ್ಲರಿಗೂ ತಿಳಿದದ್ದೇ. ನನ್ನ ಕಣ್ಣೆದುರೇ ಹಬ್ಬದ ಪೂಜೆಯಲ್ಲಿ ಮೊದಲ ಹಾಡು ಯಾವ ಭಾಷೆಯದಿರಬೇಕು ಎಂದು ಇಬ್ಬರು ಹಿರಿಯರು ಅಂಗಿ ಕಾಲರು ಹಿಡಿದಿದ್ದಾರೆ. ತೇರಿಗೆ ಮೊದಲು ಹೆಗಲು ಕೊಡುವುದು ಯಾರು ಎಂಬುದಕ್ಕೂ ಮುನಿಸಾಗಿದೆ. ಹಳ್ಳಿಗಳ ಚರ್ಚುಗಳಲ್ಲಿ ಜಾತಿ ಬೆಂಚಿನ ಮೇಲೂ ಕೂರುತ್ತದೆ, ಸಮಾಧಿಯ ಜಾಗದಲ್ಲೂ ಗೆರೆ ಎಳೆಯುತ್ತದೆ. ಗಂಜಿ ಸಾಲಿನಲ್ಲಿ ಮರೆತದ್ದನ್ನು ಹೊಟ್ಟೆ ತುಂಬಿದ ಮೇಲೆ ಜನ ಮತ್ತೆ ನೆನಪಿಸಿಕೊಳ್ಳುತ್ತಾರೆ. ಕೋಣೆಯಲ್ಲಿ ಒಬ್ಬನೇ ಕೂತವನಿಗೆ ಈ ತಾಪತ್ರಯ ಇರುವುದಿಲ್ಲ. ಅವನು ಕ್ಷಮಿಸಬೇಕಾದವರೂ ಇಲ್ಲ, ಅವನನ್ನು ಕ್ಷಮಿಸುವವರೂ ಇಲ್ಲ.

2020ರ ಮಾರ್ಚ್ ಮೊದಲ ವಾರ ದೇವನಹಳ್ಳಿ ತಾಲ್ಲೂಕಿನ ದೊಡ್ಡಸಾಗರಹಳ್ಳಿಯ ಮಹಿಮಬೆಟ್ಟದಿಂದ ಯೇಸುವಿನ ಪ್ರತಿಮೆಯನ್ನು ತೆರವು ಮಾಡಿದ ಸುದ್ದಿ ಪತ್ರಿಕೆಗಳಲ್ಲಿ ಬಂತು. ತಪಸ್ಸುಕಾಲದಲ್ಲಿ ಭಕ್ತರು ಶಿಲುಬೆ ಹಾದಿ ನಡೆಯುವ ಬೆಟ್ಟ ಅದು. ಅಮ್ಮನಿಗೆ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ಊರಿನ ಬೇರೆ ಜನ ಏನಂತಾರಂತೆ?" ಎಂದಳು. ಅವಳಿಗೆ ತಿಳಿಯಬೇಕಿದ್ದದ್ದು ಕಲ್ಲಿನ ವಿಷಯವಲ್ಲ, ಎದುರುಮನೆಯ ವಿಷಯ.

ಆ ತಿಂಗಳು ಮುಗಿಯುವ ಮುಂಚೆ ಲಾಕ್‌ಡೌನ್ ಬಂತು. ದೊಡ್ಡಬಳ್ಳಾಪುರದ ಮಗ್ಗಗಳೆಲ್ಲ ನಿಂತವು. ಹುಟ್ಟಿದಾಗಿನಿಂದ ನಾನು ಕಂಡರಿಯದ ಉದ್ದದ ಮೌನ. ಚರ್ಚುಗಳಿಗೆ ಬೀಗ. ಏಪ್ರಿಲ್ 10ರ ಶುಭ ಶುಕ್ರವಾರ, 12ರ ಪಾಸ್ಕ (ಈಸ್ಟರ್) ಹಬ್ಬ ಎರಡೂ ಮನೆಯೊಳಗೆ. ನಾನು ಬೆಂಗಳೂರಿನಲ್ಲಿ ಸಿಕ್ಕಿಬಿದ್ದಿದ್ದೆ, ಎಪ್ಪತ್ತೈದರ ಅಮ್ಮ ಊರಿನಲ್ಲಿ ಒಬ್ಬಳೇ. ಮಾರ್ಚ್ 27ರ ರಾತ್ರಿ ಪೋಪ್ ಫ್ರಾನ್ಸಿಸ್ ಸುರಿವ ಮಳೆಯಲ್ಲಿ, ಒಂದು ನರಪಿಳ್ಳೆಯೂ ಇಲ್ಲದ ಸಂತ ಪೇತ್ರರ ಚೌಕದಲ್ಲಿ ನಿಂತು ಲೋಕಕ್ಕಾಗಿ ಪ್ರಾರ್ಥಿಸಿದ್ದನ್ನು ಅಮ್ಮ ತಂಗಿ ಕಳಿಸಿದ ವಿಡಿಯೋದಲ್ಲಿ ನೋಡಿದಳು. ಲೋಕವೆಲ್ಲ ಆ ದೃಶ್ಯದ ಗಾಂಭೀರ್ಯದ ಬಗ್ಗೆ ಮಾತಾಡುತ್ತಿತ್ತು. ಅಮ್ಮ ಫೋನಿನಲ್ಲಿ ಅಂದದ್ದು ಇಷ್ಟೆ: "ಪಾಪ, ಅವ್ರಿಗೂ ಉಳಿದರ್ಧ ಹೇಳೋಕೆ ಯಾರೂ ಇಲ್ಲ."

"ನಿಂಗೆ ಯಾರು ಹೇಳ್ತಾರಮ್ಮ ಈಗ?" ಎಂದು ಕೇಳಿದೆ. ಮಾತಾಡದೆ ಫೋನನ್ನು ಹೊಸ್ತಿಲಿಗೆ ತಂದಳು. ಅವಳು ತನ್ನ ಹೊಸ್ತಿಲ ಮೇಲೆ ಕೂತು ಗಟ್ಟಿಯಾಗಿ ಮೊದಲರ್ಧ ಹೇಳಿದಳು. ಬೀದಿಯ ಆಚೆಯಿಂದ, ಹದಿನೈದಡಿ ದೂರದಿಂದ, ಹಲ್ಲುದುರಿದ ಬಾಯಿಯ ಉಳಿದರ್ಧ ಬಂತು. ಅದೇ ಒಂದು ಪದ ಅವತ್ತೂ ತಪ್ಪು. ಆ ರಾತ್ರಿ ಬೆಂಗಳೂರಿನ ನನ್ನ ಕೋಣೆಯಿಂದ ಮೂರನೆಯವನಾಗಿ ನಾನೂ ಸೇರಿಕೊಂಡೆ. ಫೋನಿನಲ್ಲಿ ನನ್ನ ದನಿ ಒಂದು ಕ್ಷಣ ತಡವಾಗಿ ತಲುಪುತ್ತಿತ್ತು. ಅಮ್ಮ ಪ್ರತಿ ಮಣಿಗೂ ಅಷ್ಟು ಕಾದಳು.

*

2021ರ ಅಕ್ಟೋಬರ್‌ನಲ್ಲಿ ಪೋಪ್ ಫ್ರಾನ್ಸಿಸ್ ಸಿನೊಡ್ ಎಂಬ ದೊಡ್ಡ ಸಮಾಲೋಚನೆ ಶುರು ಮಾಡಿದರು. ಅದು ಮುಗಿದದ್ದು 2024ರ ಅಕ್ಟೋಬರ್‌ನಲ್ಲಿ. ಗ್ರೀಕ್ ಭಾಷೆಯಲ್ಲಿ ಆ ಪದದ ಅರ್ಥ ಜೊತೆ ಹಾದಿ. ಚರ್ಚಿನಲ್ಲಿ ನಮ್ಮನ್ನೂ ಕೂರಿಸಿ ಅಭಿಪ್ರಾಯ ಕೇಳಿದರು. ಮೊದಲ ಕ್ರೈಸ್ತರಿಗೆ ತಮ್ಮ ಧರ್ಮಕ್ಕೊಂದು ಹೆಸರೇ ಇರಲಿಲ್ಲ, 'ಮಾರ್ಗ' ಎಂದಷ್ಟೇ ಕರೆಯುತ್ತಿದ್ದರು, ಪ್ರೇಷಿತರ ಕಾರ್ಯಗಳಲ್ಲಿ ಹಾಗೇ ಇದೆ ಎಂದು ನಾನು ಎದ್ದು ನಿಂತು ತಿಳಿದವನಂತೆ ಹೇಳಿದೆ. ಮನೆಗೆ ಬರುವಾಗ ಅಮ್ಮ ನನ್ನ ತೋಳು ಹಿಡಿದು ಮೆಲ್ಲಗೆ ನಡೆಯುತ್ತಿದ್ದಳು. "ಮಾರ್ಗ ಸರಿ ಕಣೋ. ನೀನು ಸ್ವಲ್ಪ ನಿಧಾನ ನಡಿ" ಎಂದಳು.

ದೊಡ್ಡಮ್ಮ ಈಗಿಲ್ಲ. ಅವರ ಮನೆಯ ಹಳೇ ಮಗ್ಗಗಳೂ ಹೋದವು. ಅವರ ತಿಥಿಯ ದಿನ ಅಮ್ಮ ಹೋಗಿ ಒಂದು ಮೂಲೆಯಲ್ಲಿ ಕೂತು, ಭಜನೆಯವರು ಪಲ್ಲವಿ ಎತ್ತಿಕೊಟ್ಟಾಗಲೆಲ್ಲ ತುಟಿ ಅಲ್ಲಾಡಿಸಿದ್ದನ್ನು ನಾನು ನೋಡಿದೆ. ಪದ ಸರಿಯಾಗಿ ಬಂದಿತೋ ಇಲ್ಲವೋ, ಯಾರೂ ತಿದ್ದಲಿಲ್ಲ.

ದಿನಾ ರಾತ್ರಿ ಏಳೂವರೆಗೆ ಊರಿಗೆ ಫೋನ್ ಮಾಡುತ್ತೇನೆ. ನನಗೆ ನಂಬಿಕೆ ಇದೆಯೋ ಇಲ್ಲವೋ ಎಂದು ಅಮ್ಮ ಒಂದು ದಿನವೂ ಕೇಳಿಲ್ಲ. ಇರುವ ದಿನವೂ ಇದೆ, ಇಲ್ಲದ ದಿನವೂ ಇದೆ. ಇಲ್ಲದ ದಿನ ಅವಳದ್ದೇ ಇಬ್ಬರಿಗೂ ಆಗುತ್ತದೆ. ಕೆಲವೊಮ್ಮೆ ನಡುವೆ ನೆಟ್‌ವರ್ಕ್ ಹೋಗುತ್ತದೆ. ಮತ್ತೆ ಸಿಕ್ಕಾಗ ಹಲೋ ಎನ್ನುವ ಮೊದಲೇ "ಎಲ್ಲಿ ನಿಲ್ಲಿಸಿದ್ವಿ?" ಎನ್ನುತ್ತಾಳೆ.

ನಿಮ್ಮ ಮನೆಯಲ್ಲೋ ಎದುರುಮನೆಯಲ್ಲೋ ಒಬ್ಬರೇ ಕೂತು ಪ್ರಾರ್ಥಿಸುವ ಹಿರಿಯರಿದ್ದರೆ, ಅವರ ದೇವರು ಯಾರೇ ಆಗಿರಲಿ, ಒಂದು ಸಂಜೆ ಹೋಗಿ ಹತ್ತಿರ ಕೂತುಕೊಳ್ಳಿ. ಪದ ತಪ್ಪಿದರೂ ಚಿಂತೆಯಿಲ್ಲ. ಅವರನ್ನು ಕಾಯಿಸಬೇಡಿ.